ಸಮಾಧಾನದವರು ಬಂದರು

ಬಸ್ ಕಂಡಕ್ಟರ್ ಆಗಿ ಮೂವತ್ತೆರಡು ವರ್ಷ ಜನರ ಮೇಲೆ ಕೂಗಾಡಿ ನಿವೃತ್ತನಾದವನು ನಾನು. ಮನೆಯಲ್ಲಿ ಕೂತು ಹೆಂಡತಿಯ ಮೇಲೆ ಕೂಗಾಡಲು ಶುರು ಮಾಡಿದಾಗ ಅವಳೇ ನನ್ನನ್ನು ಈ ಸಂಘಕ್ಕೆ ದಬ್ಬಿದಳು. ಆಸ್ಪತ್ರೆಯ ತುರ್ತು ವಿಭಾಗಕ್ಕೆ ಯಾರನ್ನಾದರೂ ದಿಢೀರನೆ ಹೊತ್ತು ತಂದರೆ, ಹೊರಗೆ ಕಂಗಾಲಾಗಿ ಕೂತ ಮನೆಯವರ ಪಕ್ಕ ಹೋಗಿ ಕೂರುವುದು, ಇಷ್ಟೇ ಕೆಲಸ. ಸಂಬಳವಿಲ್ಲ, ಒಂದು ಹಸಿರು ಜಾಕೆಟ್ ಉಂಟು; ಅದನ್ನು ಕಂಡರೆ ಜನ ‘ಸಮಾಧಾನದವರು ಬಂದರು’ ಅನ್ನುತ್ತಾರೆ. ತರಬೇತಿ ಕೊಟ್ಟ ಮೇಡಂ ಮೂರು ದಿನ ಒಂದೇ ಮಾತು ಕುಟ್ಟಿದರು: ಬಾಯಿ ಮುಚ್ಚಿ ಕೇಳಿಸಿಕೊಳ್ಳಿ, ‘ಏನೂ ಆಗಲ್ಲ’ ಅಂತ ಮಾತ್ರ ಯಾರಿಗೂ ಹೇಳಬೇಡಿ. ಅಲ್ಲ ಸ್ವಾಮಿ, ಕಂಡಕ್ಟರನಿಗೆ ಬಾಯಿ ಮುಚ್ಚಲು ಕಲಿಸುವುದೆಂದರೆ ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ ಹಾಗೆಯೇ!

ಆ ಮಧ್ಯಾಹ್ನ ನನ್ನ ಗ್ರಹಚಾರ ಕೆಟ್ಟಿತ್ತು. ಒಂದರ ಹಿಂದೆ ಒಂದು, ಎರಡು ಕುಟುಂಬಗಳ ಪಕ್ಕ ಕೂತೆ. ಎರಡು ಸಲವೂ ಹತ್ತು ನಿಮಿಷದಲ್ಲಿ ಡಾಕ್ಟರು ಹೊರಗೆ ಬಂದು ಇಲ್ಲವೆಂದು ತಲೆಯಾಡಿಸಿದರು. ಪರಿಸ್ಥಿತಿ ಗಂಭೀರವಾಗಿದ್ದವರ ಬಳಿಗೇ ನಮ್ಮನ್ನು ಕಳಿಸುತ್ತಾರೆ, ನನ್ನ ತಪ್ಪೇನು? ಆದರೆ ಅದು ಉಳಿದವರಿಗೆ ಗೊತ್ತಾಗಬೇಕಲ್ಲ! ಮೂರನೇ ಸಲ ನಾನು ಎದ್ದಾಗ ಇಡೀ ಬೆಂಚು ಖಾಲಿಯಾಯಿತು. ಬೆರಳಿಗೆ ಬ್ಯಾಂಡೇಜ್ ಸುತ್ತಿಕೊಂಡ ಮುದುಕರೊಬ್ಬರು ಓಡುತ್ತಲೇ ಕೂಗಿದರು: “ನನ್ನ ಹತ್ರ ಬರಬೇಡಪ್ಪಾ, ನಂದು ಬರೀ ಬೆರಳು!”

ಕೂತೇ ಉಳಿದವಳು ಒಬ್ಬಳೇ, ಗೋಡೆಗೆ ಬಣ್ಣ ಬಳಿಯುವವನ ಹೆಂಡತಿ. ಗಂಡ ಏಣಿಯಿಂದ ಬಿದ್ದು ಒಳಗೆ ಆಪರೇಷನ್ ನಡೆಯುತ್ತಿತ್ತು. ನನ್ನನ್ನು ಕಂಡದ್ದೇ ತಡ, ಎದ್ದು ನಿಂತಳು.

“ಹೋದ್ರಾ?”

“ಇಲ್ಲಮ್ಮ, ನಾನು ಸುಮ್ನೆ ಬಂದೆ.”

“ನೀವು ಸುಮ್ಸುಮ್ನೆ ಬರೋರಲ್ಲ. ಆಗಿನಿಂದ ನೋಡ್ತಾ ಇದ್ದೀನಿ. ಹೇಳಿಬಿಡಿ!”

“ನನಗೇನೂ ಗೊತ್ತಿಲ್ಲಮ್ಮ.”

“ಹಾಗಾದ್ರೆ ಏನೂ ಆಗಲ್ಲ ಅನ್ನಿ.”

ನಾನು ಬಾಯಿ ಮುಚ್ಚಿಕೊಂಡೆ.

“ನೋಡಿ, ಅನ್ನಲ್ಲ! ಮುಗೀತು ನನ್ನ ಕಥೆ!”

ಹಾಳಾದ ಜಾಕೆಟ್ ಬಿಚ್ಚಿ ಬೆಂಚಿನ ಕೆಳಗೆ ತುರುಕಿದೆ. “ಈಗ ನಾನು ಸಮಾಧಾನದವನಲ್ಲ, ಬಸ್ ಕಂಡಕ್ಟರ್. ಕೂತ್ಕೊಳ್ಳಲಾ?” ಎಂದೆ. ಅವಳು ಮೇಲಿಂದ ಕೆಳಗೆ ನೋಡಿ ಸ್ವಲ್ಪ ಸರಿದಳು.

“ಏಣಿ ಅಲ್ಲಾಡ್ತದೆ, ಹತ್ತಬೇಡಿ ಅಂದೆ ಅಣ್ಣ. ನಿನಗೇನು ಗೊತ್ತು ಅಂದ್ರು. ಸಿಟ್ಟಲ್ಲಿ, ಬಿದ್ದೇ ಬುದ್ಧಿ ಕಲೀರಿ ಅಂದುಬಿಟ್ಟೆ. ನನ್ನ ನಾಲಿಗೆಗೆ ಬೆಂಕಿ ಬೀಳ! ಒಂದ್ಸಲ ಕಣ್ಣು ಬಿಟ್ರೆ ಸಾಕು, ತಪ್ಪಾಯ್ತು ಅಂತ ಕಾಲು ಹಿಡ್ಕೊಳ್ತೀನಿ.”

‘ಕಾಲೇ ಮುರಿದಿದ್ದರೆ ಏನು ಹಿಡಿಯುತ್ತೀಯಮ್ಮ’ ಎಂಬ ಮಾತು ತುದಿನಾಲಿಗೆಗೆ ಬಂತು, ನುಂಗಿಕೊಂಡೆ. ಅವಳ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ಅದೇ ನನಗೆ ಹೆದರಿಕೆ ಹುಟ್ಟಿಸಿತು.

ಬಾಗಿಲು ತೆರೆದು ಡಾಕ್ಟರು ಹೊರಗೆ ಬಂದರು. “ಪೇಂಟರ್ ಕಡೆಯವರು ಯಾರು?”

ಅವಳು ಏಳಲು ಹೋಗಿ ಮತ್ತೆ ಕೂತುಬಿಟ್ಟಳು. “ಅಣ್ಣಾ, ನೀವೇ ಕೇಳ್ಕೊಂಡು ಬನ್ನಿ. ನನ್ನ ಕೈಲಾಗಲ್ಲ.”

ಹೋದೆ. “ನೀವು ಏನಾಗಬೇಕು?” ಎಂದರು ಡಾಕ್ಟರು. “ಅವಳ ಅಣ್ಣ” ಎಂದುಬಿಟ್ಟೆ.

“ಜೀವಕ್ಕೇನೂ ಅಪಾಯ ಇಲ್ಲ. ಕಾಲು ಎರಡು ಕಡೆ ಮುರಿದಿದೆ. ಎಚ್ಚರ ಆದ ಮೇಲೆ ಕರೀತೀವಿ.”

ಕೆಟ್ಟ ಸುದ್ದಿಗೆ ಎದೆ ಗಟ್ಟಿ ಮಾಡಿಕೊಂಡು ಹೋಗಿದ್ದವನು ನಾನು. ಏನಾಯಿತೋ ಏನೋ, ಗೊಳೋ ಎಂದು ಅಳು ಬಂದುಬಿಟ್ಟಿತು. ಹಾಗೇ ಅಳುತ್ತಾ ತಿರುಗಿದೆ. ನನ್ನ ಮುಖ ನೋಡಿದ್ದೇ ಅವಳು ಬೆಂಚಿನಿಂದ ನೆಲಕ್ಕೆ ಕುಸಿದಳು. “ಅಯ್ಯೋ, ಮೂರನೇದು!” ಎಂದರು ಬೆರಳಿನ ಮುದುಕರು. ಇಲ್ಲ ಇಲ್ಲ ಎಂದು ಎರಡೂ ಕೈ ಆಡಿಸಿದೆ. ಎಲ್ಲಾ ಮುಗಿಯಿತು ಎಂದು ಹೇಳಿದ ಹಾಗೆ ಕಂಡಿರಬೇಕು, ಇನ್ನಿಬ್ಬರು ಅಳತೊಡಗಿದರು. ಸಾಯಲಿ, ಬೇಕಾದಾಗ ಗಂಟಲೇ ಕೈಕೊಟ್ಟಿತ್ತು. ಅಂತೂ ಉಗುಳು ನುಂಗಿ ಕಿರುಚಿದೆ: “ಬದುಕಿದ್ದಾನಮ್ಮಾ!”

ಅವಳು ಎದ್ದು ಬಂದವಳೇ ನನ್ನ ಭುಜಕ್ಕೆ ಒಂದು ಗುದ್ದು ಕೊಟ್ಟಳು. “ಮತ್ತೆ ಯಾಕ್ರೀ ಅಳ್ತೀರಿ! ಜೀವ ಬಾಯಿಗೆ ಬಂದಿತ್ತು!”

ಎರಡು ಗಂಟೆ ಬಿಟ್ಟು ಒಳಗೆ ಕರೆದರು. “ತಪ್ಪಾಯ್ತು ಅಂತೀನಿ, ಮೊದಲು ಅದನ್ನೇ ಅಂತೀನಿ” ಎಂದು ದಾರಿಯುದ್ದಕ್ಕೂ ಗೊಣಗುತ್ತಾ ನನ್ನ ಜೊತೆ ಬಂದಳು. ನರ್ಸ್ ಪರದೆ ಸರಿಸಿದರು. ಗಂಡನಿಗೆ ಸೊಂಟದಿಂದ ಕೆಳಗೆ ಪಟ್ಟಿಯೇ ಪಟ್ಟಿ. ನೋಡಿದಳು, ತನ್ನ ಸೊಂಟದ ಮೇಲೆ ಕೈಯಿಟ್ಟಳು.

“ಏಣಿ ಅಲ್ಲಾಡ್ತದೆ ಅಂತ ಬಡ್ಕೊಂಡೆನಲ್ರೀ! ಕಿವಿ ಏನು ಅಡವಿಟ್ಟಿದ್ರಾ?”

ಅವಳ ಕೈ ಹಿಡಿದು ಎಳೆಯಲು ಮುಂದಾದೆ. ಅಷ್ಟರಲ್ಲಿ ಅವನು ಅರೆಗಣ್ಣು ತೆರೆದ.

“ಬೈಯಿ. ಇನ್ನೂ ಸ್ವಲ್ಪ ಬೈಯಿ. ಬೀಳುವಾಗ, ಇನ್ನು ಇದೂ ಸಿಗಲ್ಲ ಅಂದ್ಕೊಂಡೆ.”

ಅವಳು ಬಾಯಿ ತೆರೆದಳು, ಬೈಗುಳ ಬರಲಿಲ್ಲ. ಮಂಚದ ಅಂಚಿಗೆ ಕೂತು, ಅವನ ಅಂಗೈಯಲ್ಲಿ ಮುಖವಿಟ್ಟು ಅತ್ತಳು. ನಾನು ಪರದೆ ಎಳೆದು ಹೊರಗೆ ಬಂದೆ.