ಕಾಲಿಗೆ ಬಂದ ಚೆಂಡು

ಮಿರ್ಚಿ ಕರಿಯುವ ವಾಸನೆ, ಎಣ್ಣೆ ನಿನ್ನೆಯದಿರಬೇಕು, ಗೋಡೆಯಾಚೆಯ ಗಾಡಿಯಿಂದ ಬರುತ್ತಿದೆ, ಫುಟ್‌ಬಾಲ್ ಮ್ಯಾಚು ಮುಗಿದ ಮೇಲೆ ಎರಡು ತಿನ್ನಬೇಕು ಎಂದುಕೊಂಡ ಹನುಮೇಶ, ಮರುಗಳಿಗೆ ನಾಚಿಕೊಂಡ, ಆಟದ ನಡುವೆ, ಎಡಗೆರೆಗುಂಟ ಓಡಬೇಕಾದ ವಿಂಗರ್ ಒಬ್ಬನ ಮೂಗಿಗೆ ಮಿರ್ಚಿ ಬಡಿಯುತ್ತಿದೆ ಎಂದರೆ ಅವನ ಕಡೆ ಚೆಂಡು ಬರುತ್ತಿಲ್ಲ ಎಂದೇ ಅರ್ಥ. ವಿರಾಮ ಮುಗಿದು ಇಷ್ಟು ಹೊತ್ತಾಯಿತು, ಒಂದೂ ಬಂದಿಲ್ಲ. ಮೊದಲರ್ಧದಲ್ಲಾದರೂ ಎಡಗೆರೆ ಬೆಂಚಿನ ಮುಂದಿತ್ತು, ಕೋಚ್ ರಾಜಶೇಖರ ಸರ್ ಅವರ ಬೈಗುಳ ಕಿವಿಗೆ ಬೀಳುತ್ತಿತ್ತು, ಏ ಹನುಮ್ಯಾ, ಗೆರಿ ಬಿಟ್ಟ ಒಳಗ ಬರಬ್ಯಾಡಲೇ, ಕೋಚು ಬೈಯುತ್ತಿದ್ದಾರೆ ಎಂದರೆ ನಾವಿನ್ನೂ ಲೆಕ್ಕದಲ್ಲಿದ್ದೇವೆ ಎಂದು. ಈಗ ದಿಕ್ಕು ಬದಲಾಗಿ ಅವನ ಗೆರೆ ಈ ಗೋಡೆಯ ಬದಿಗೆ ಬಂದಿದೆ, ಇಲ್ಲಿ ಬೈಯುವವರಿಗೂ ಗತಿಯಿಲ್ಲ, ಗೋಡೆಯ ಮೇಲೆ ಯಾರೋ ಒಣಹಾಕಿದ ಲುಂಗಿ, ಬುಡದಲ್ಲಿ ಒಂದು ಆಡು, ಆಚೆ ರೈಲುಹಳಿ, ಗದಗಿನ ಕಡೆ ಹೊರಟ ಗೂಡ್ಸ್ ಗಾಡಿ. ಆಡು ಮೆಲುಕು ಹಾಕುತ್ತ ಅವನನ್ನೇ ನೋಡುತ್ತಿದೆ. ನೋಡು ತಾಯೀ, ನಿನಗಾದರೂ ಪುರುಸೊತ್ತಿದೆ.

ಚೆಂಡು ಮತ್ತೆ ಮಿಲಿಂದನ ಬಳಿಗೆ ಬಂದಿದೆ, ನಡುಮೈದಾನದಲ್ಲಿ, ಹನುಮೇಶ ಕೈ ಎತ್ತಿದ — ಹಾಕೋ, ಮುಂದ ಹಾಕೋ — ಬಾಯಿಬಿಟ್ಟು ಕೂಗಲಿಲ್ಲ, ಮಿಲಿಂದನಿಗೆ ಕೂಗಿ ಹೇಳಬೇಕಾದದ್ದು ಯಾವತ್ತಿತ್ತು, ಸಾಲಿ ತಪ್ಪಿಸಿ ಇಬ್ಬರೂ ಇದೇ ಮೈದಾನಕ್ಕೆ ಬರುತ್ತಿದ್ದರು, ಆಗ ಹುಲ್ಲಿರಲಿಲ್ಲ, ಈಗ ಮಹಾ ಇದೆ ಎಂದೇನಲ್ಲ, ಕೆಂಪು ಧೂಳು, ಹರಿದ ಚೆಂಡು, ಅದನ್ನು ಯಾರೂ ಇಲ್ಲದ ಕಡೆ ಒದ್ದ ಮಿಲಿಂದನ ಮೇಲೆ ಹನುಮೇಶ ಹರಿಹಾಯ್ದಿದ್ದ, ಕಣ್ಣ ಕಾಣಸಂಗಿಲ್ಲೇನಲೇ, ನಾ ಇಲ್ಲಿ ನಿಂತೇನಿ, ಮಿಲಿಂದ ತೋಳಿನಿಂದ ಮೂಗು ಒರೆಸಿಕೊಳ್ಳುತ್ತ ಹೇಳಿದ್ದ, ನೀ ಎಲ್ಲಿದ್ದಿ ಅಲ್ಲಿ ಯಾರರ ಹಾಕ್ತಾರಲೇ, ನೀ ಎಲ್ಲಿ ಬರ್ತಿ ಅಲ್ಲಿ ಹಾಕ್ತೇನಿ ನಾ, ನೀ ಬರೂದಷ್ಟ ನೋಡು. ಹನುಮೇಶ ಬಂದ. ಆಮೇಲೆ ಬರುತ್ತಲೇ ಇದ್ದ, ಅಷ್ಟೇ ಅವನ ಬದುಕು, ಮುಂದೆ ಖಾಲಿ ಜಾಗ, ಅದರಲ್ಲಿ ಉರುಳುತ್ತಿರುವ ಚೆಂಡು, ಬೆನ್ನ ಹಿಂದೆ ಡಿಫೆಂಡರನ ಏದುಸಿರು, ಎಡಗಾಲಿಗೆ ಚೆಂಡು ಸಿಕ್ಕ ಕ್ಷಣ ಇಡೀ ಮೈದಾನ ಎದ್ದು ನಿಲ್ಲುತ್ತಿತ್ತು. ಎಡಗಾಲು ಮುಂದಿಟ್ಟು ಹೊರಗೆ ಹೋಗಬ್ಯಾಡೋ, ದರಿದ್ರ, ಎಂದು ಅವ್ವ ಯಂಕವ್ವ ದಿನಾ ಹೊಸ್ತಿಲಲ್ಲಿ ಗೊಣಗುತ್ತಿದ್ದಳು, ಆ ಎಡಗಾಲೇ ಮನೆಯ ಒಲೆ ಉರಿಸಿತು ಎಂದು ಗೊತ್ತಾದ ಮೇಲೂ ಗೊಣಗುವುದನ್ನು ಬಿಡಲಿಲ್ಲ. ಮಿಲಿಂದ ಚೆಂಡನ್ನು ಬಲಕ್ಕೆ ಹಾಕಿದ.

ಬಲಕ್ಕೆ, ಗರಗದಿಂದ ಬಂದ ಹೊಸ ಹುಡುಗ ಶಿವಯೋಗೀಶನಿಗೆ, ಅದೂ ಹೇಗೆ, ಅವನ ಮುಂದಕ್ಕೆ, ಗೆರೆಗುಂಟ, ಹುಡುಗ ಗಾಳಿ ಹಾಗೆ ಓಡಿದ, ಛಲೋ ಓಡ್ತಾನ, ಖರೇ ಹೇಳಬೇಕು, ಹೊಟ್ಟೆಯುರಿ ಪಟ್ಟು ಏನು ಬಂತು — ಆದರೆ ಮಿಲಿಂದ ನೋಡಿದ್ದ, ಎತ್ತಿದ ಕೈಯನ್ನು ನೋಡಿದ್ದ, ಕಣ್ಣಿಗೆ ಕಣ್ಣು ಕೂಡಿತ್ತು, ನೋಡಿಯೇ ಬಲಕ್ಕೆ ಹಾಕಿದ. ಇಂದೇ ಯಾಕೆ, ಇಂದು ಬೇಕಿತ್ತು, ಇಂದು ಒಂದೇ ಒಂದು ಸಾಕಿತ್ತು, ಮುಂಜಾನೆ ರಾಜಶೇಖರ ಸರ್ ಹೆಗಲ ಮೇಲೆ ಕೈ ಹಾಕಿ ಪಕ್ಕಕ್ಕೆ ಕರೆದು ಹೇಳಿದ್ದರು, ಕ್ಲಬ್ ಕಮಿಟಿಯವರು ನಿನ್ನ ಬಿಡೂಣು ಅಂತಾರೋ, ನಾ ತಡದೇನಿ, ಇವತ್ತ ಓಡಿ ತೋರಸು, ಮುಂದಿನ ಹಂಗಾಮಿಗೆ ನೀ ನಮ್ಮಾಂವ, ಓಡದಿದ್ರ ನನ್ನ ಕೈಯಾಗ ಏನೂ ಇಲ್ಲ ತಮ್ಮಾ. ಓಡಿ ತೋರಿಸುವುದು ಎಂದರೆ ಸುಮ್ಮನೆ ಓಡುವುದೇ, ಚೆಂಡಿಲ್ಲದೆ ಓಡಿದರೆ ಆಡು ನೋಡಬೇಕು ಅಷ್ಟೇ, ವಿಂಗರ್ ತನ್ನ ಆಟ ತಾನೇ ಆಡಿಕೊಳ್ಳಲಾರ, ಯಾರಾದರೂ ಕೊಡಬೇಕು, ಅದು ಅವನಿಗೆ ಬೆಂಗಳೂರಿನಲ್ಲಿ ತಿಳಿದಿತ್ತು, ದೊಡ್ಡ ಕ್ಲಬ್ಬಿನವರು ಟ್ರಯಲ್‌ಗೆ ಕರೆದಿದ್ದರು, ಹಸಿರಂದರೆ ಹಸಿರು ಮೈದಾನ, ಅಲ್ಲಿ ಅವನು ಗೆರೆಗುಂಟ ಓಡಿದ್ದೇ ಓಡಿದ್ದು, ಮುಂದೆ ಹಾಕುವ ಮಿಲಿಂದ ಇರಲಿಲ್ಲ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಮೇಲೆ ಕೊಲ್ಹಾಪುರ, ಅಲ್ಲಿ ಜನ ಹೆಗಲ ಮೇಲೆ ಹೊತ್ತು ಕುಣಿದರು, ಅದೇ ಜನ ಮುಂದಿನ ವಾರ ತಾಯಿ ಹೆಸರೆತ್ತಿ ಬೈದರು, ಗೋವಾದ ಸಣ್ಣ ಕ್ಲಬ್ಬು ಹಂಗಾಮಿನ ನಡುವೆಯೇ ಬಾಗಿಲು ಹಾಕಿತು, ಬೂಟಿನ ಚೀಲ ಹೆಗಲಿಗೇರಿಸಿ ಮತ್ತೆ ಹುಬ್ಬಳ್ಳಿ ಸ್ಟೇಷನ್, ಅಷ್ಟರಲ್ಲಿ ಮಿಲಿಂದ ಪರೀಕ್ಷೆ ಬರೆದು ಶಿಕ್ಷಣ ಇಲಾಖೆ ಸೇರಿದ್ದ, ಸಂಜೆಗೆ ಮಾತ್ರ ಆಡುತ್ತಿದ್ದ. ಹನುಮೇಶನಿಗೆ ಬೆಳಗಿಗೂ ಸಂಜೆಗೂ ಇದೊಂದೇ.

ಮೊಣಕಾಲೊಳಗೆ ಏನೋ ಕಟಕ್ ಎಂದಿತು, ಇಲ್ಲ, ಏನಿಲ್ಲ, ಪಟ್ಟಿ ಬಿಗಿಯಾಗಿದೆ, ಕಾಲುಚೀಲದ ಕೆಳಗೆ ಯಾರಿಗೂ ಕಾಣದಂತೆ ಸುತ್ತಿದ ಪಟ್ಟಿ, ಪ್ರಭಾವತಿಗೂ ಗೊತ್ತಿಲ್ಲ, ಗೊತ್ತಿದ್ದರೂ ಇರಬಹುದು, ಹೆಂಡತಿಗೆ ಗೊತ್ತಾಗದ್ದು ಏನಿರುತ್ತದೆ, ಮುಂಜಾನೆ ಅವಲಕ್ಕಿ ಮುಂದಿಟ್ಟು ಹೇಳಿದಳು, ಅಣ್ಣ ಮತ್ತ ಫೋನ್ ಮಾಡಿದ್ದನ್ರಿ, ತಾರಿಹಾಳದ ವರ್ಕ್‌ಶಾಪಿನ್ಯಾಗ ನಿಮಗಂತ ಜಾಗಾ ಇಟ್ಟಾನಂತ, ಹೂಂ ಅನ್ರಿ, ಬಿಸಲಾಗ ಓಡೂದರ ತಪ್ಪತೈತಿ, ಇವನು ಹೂಂ ಅನ್ನಲಿಲ್ಲ, ಇವತ್ತಿಂದು ಒಂದ ಮ್ಯಾಚ್ ಆಗ್ಲಿ ಅಂದ. ಹೋದ ವಾರ ಸತ್ತೂರಿನ ಆಸ್ಪತ್ರೆಗೆ ಅವಳನ್ನು ಕರೆದೊಯ್ದಿರಲಿಲ್ಲ, ಮಿಲಿಂದನ ಸ್ಕೂಟರಿನಲ್ಲಿ ಹೋದ, ಡಾಕ್ಟರಮ್ಮ ಮೊಣಕಾಲಿನ ಸ್ಕ್ಯಾನ್ ಚಿತ್ರವನ್ನು ಬೆಳಕಿಗೆ ಹಿಡಿದು, ಒಳಗಿನ ಗಾದಿ ಹರದೈತ್ರಿ, ಇನ್ನೊಂದ ಸರ್ತಿ ಕಾಲ ತಿರುಚಿದ್ರ ಆಟ ಹೋಗ್ಲಿ, ನಡಿಯೂದೂ ತ್ರಾಸ ಆಗತೈತಿ, ಎಷ್ಟು ಮೆತ್ತಗೆ ಹೇಳಿದಳು, ಗಟ್ಟಿಯಾಗಿ ಹೇಳಿದ್ದರೆ ಜಗಳವಾದರೂ ಮಾಡಬಹುದಿತ್ತು. ಹೊರಗೆ ಬಂದು ಚಹಾ ಕುಡಿಯುವಾಗ ಹನುಮೇಶ ಮಿಲಿಂದನ ಕೈ ಹಿಡಿದುಕೊಂಡ, ಸರ್‌ಗ ಹೇಳಬ್ಯಾಡೋ, ನಿನ್ನ ಕಾಲಿಗೆ ಬೀಳ್ತೇನಿ, ಇದೊಂದ ಹಂಗಾಮು, ಮಿಲಿಂದ ಕೈ ಬಿಡಿಸಿಕೊಂಡು ಚಹಾದ ದುಡ್ಡು ಕೊಟ್ಟು, ಹೇಳೂದಿಲ್ಲ ಬಿಡು, ಅಂದ. ಮಿಲಿಂದ ಮಾತು ಕೊಟ್ಟರೆ ಮುಗಿಯಿತು.

ಹೇಳಿಬಿಟ್ಟನೇ, ಹೇಳಿಲ್ಲ, ಹೇಳಿದ್ದರೆ ಸರ್ ಇವನನ್ನು ಬೆಂಚಿನಲ್ಲೇ ಕೂರಿಸುತ್ತಿದ್ದರು, ಮಾತು ಉಳಿಸಿಕೊಂಡಿದ್ದಾನೆ, ಬಾಯಿ ಬಿಟ್ಟಿಲ್ಲ, ಬರೇ ಚೆಂಡು ಕೊಡುತ್ತಿಲ್ಲ — ಓ. ಹೀಗೋ. ಕಾಲು ಕಾಯುತ್ತಿದ್ದಾನೆ ಅವನು, ಓಡಿದರಲ್ಲವೇ ತಿರುಚುವುದು, ಕೊಟ್ಟರಲ್ಲವೇ ಓಡುವುದು. ಮೋಸ ಮಾಡಿದ್ದರೆ ಅಂಗಿ ಹಿಡಿದು ಎಳೆದಾಡಬಹುದಿತ್ತು, ಮರುಕಪಟ್ಟವನ ಅಂಗಿ ಹೇಗೆ ಹಿಡಿಯುವುದು. ಮಿಲಿಂದಾ, ನನ್ನ ಮ್ಯಾಲ ಮರುಗಬ್ಯಾಡೋ, ಮುರಿದರೆ ಮುರಿಯಲಿ, ನನ್ನ ಕಾಲು, ಒಂದು ಸಲ ಮುಂದ ಹಾಕು, ಆ ಖಾಲಿ ಜಾಗಕ್ಕೆ, ಕಾರ್ನರ್ ಬಾವುಟದ ಹತ್ತಿರ ಸುಣ್ಣ ಅಳಿಸಿಹೋಗಿದೆಯಲ್ಲ, ಅಲ್ಲಿ. ಇದೇ ಮೈದಾನಕ್ಕೆ ಅಪ್ಪನೂ ಬರುತ್ತಿದ್ದ, ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಉಡಚಪ್ಪ, ಎರಡು ಆಳಿನ ಕಬ್ಬಿಣ ಒಬ್ಬನೇ ಎತ್ತುತ್ತಿದ್ದವನು, ಕೊನೆಕೊನೆಗೆ ಅಂಗೈ ನಡುಗುತ್ತಿತ್ತು, ನೀರಿನ ಲೋಟ ಪಕ್ಕದಲ್ಲಿಟ್ಟರೆ ಎತ್ತಿಕೊಳ್ಳಹೋಗಿ ಚೆಲ್ಲುತ್ತಿದ್ದ, ಒಂದು ದಿನ ಅವ್ವ ಲೋಟವನ್ನು ಅವನ ಕೈಗೇ ಕೊಟ್ಟಳು, ಬೆರಳು ಒಂದೊಂದಾಗಿ ಮಡಚಿ ಹಿಡಿಸಿದಳು, ಅಪ್ಪ ಲೋಟವನ್ನು ನೋಡಿದ, ಅವ್ವನನ್ನು ನೋಡಿದ. ಆ ನೀರು ಅವನು ಕುಡಿಯಲೇ ಇಲ್ಲ.

ಆಟ ಮುಗಿಯುತ್ತ ಬಂತು, ರೆಫರಿ ಗಡಿಯಾರ ನೋಡಿಕೊಂಡ, ನೆರಳು ಗೋಡೆಯಿಂದಿಳಿದು ಗೆರೆ ದಾಟಿದೆ, ಬಲಗಡೆ ಶಿವಯೋಗೀಶನನ್ನು ಇಬ್ಬರು ಅಡ್ಡಗಟ್ಟಿದ್ದಾರೆ, ಚೆಂಡು ಹಿಂದಕ್ಕೆ, ಮಿಲಿಂದನಿಗೆ, ಮಿಲಿಂದ ತಲೆ ಎತ್ತಿದ, ಎಡಕ್ಕೆ ನೋಡಿದ, ಹನುಮೇಶ ಕೈ ಎತ್ತಿಲ್ಲ, ಇನ್ನು ಎತ್ತುವುದಿಲ್ಲ ಎಂದುಕೊಂಡಿದ್ದ, ಆದರೂ ಮಿಲಿಂದನ ಮೈ ಇತ್ತ ಹೊರಳಿತು, ಆ ಹೊರಳು ಹನುಮೇಶನಿಗೆ ನಿದ್ದೆಯಲ್ಲೂ ಗೊತ್ತು, ಈಗ ಕೊಡುತ್ತಾನೆ, ಕೊಟ್ಟ, ಕಾಲು ತಾನಾಗಿಯೇ ಚಿಮ್ಮಿತು, ಮೊಣಕಾಲು ಚೀರಿತು, ಚೀರಲಿ, ಓಡು ಹನುಮ್ಯಾ, ಕಣ್ಣು ಮುಂದಿನ ಖಾಲಿ ಜಾಗವನ್ನು ಹುಡುಕಿತು, ಅಲ್ಲಿ ಚೆಂಡಿಲ್ಲ, ಬೆನ್ನ ಹಿಂದೆ ಏದುಸಿರೂ ಇಲ್ಲ, ಡಿಫೆಂಡರ್ ನಿಂತಲ್ಲೇ ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದಾನೆ, ಚೆಂಡೆಲ್ಲಿ, ಹೆಜ್ಜೆ ತಡೆದು ಹಿಂದಕ್ಕೆ ಬಂದ, ಚೆಂಡು ಬರುತ್ತಿದೆ, ನೆಲಕ್ಕಂಟಿ, ಅವಸರವಿಲ್ಲದೆ, ಪುಟಿಯದಂತೆ ನೋಡಿ ಕಳಿಸಿದ್ದಾನೆ ಮಿಲಿಂದ, ದೂರದಿಂದ ರಾಜಶೇಖರ ಸರ್ ಏನೋ ಕೂಗುತ್ತಿದ್ದಾರೆ, ಕೇಳಿಸುತ್ತಿಲ್ಲ, ಅಪ್ಪ ಲೋಟವನ್ನು ನೋಡಿದ, ಅವ್ವನನ್ನು ನೋಡಿದ, ಚೆಂಡು ಬಂತು, ಎಡಗಾಲಿಗೆ ಮೆತ್ತಗೆ ತಾಗಿ ನಿಂತಿತು, ಅವನು ಎಲ್ಲಿ ನಿಂತಿದ್ದನೋ ಅಲ್ಲಿಗೇ.