ಕುಂತವರಿಗೆ ಎಣ್ಣಿ ಪಾಕೀಟು

ಬ್ಯಾಡಗಿಯ ಆ ಶೆಡ್ಡಿನಲ್ಲಿ ನಲವತ್ತು ಹೆಣ್ಣುಮಕ್ಕಳು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಘಾಟಿಗೆ ಗಂಟಲು ಉರಿಯುತ್ತಿತ್ತು. ಆದರೂ ಯಾರೂ ನೀರು ಮುಟ್ಟುತ್ತಿರಲಿಲ್ಲ.

ನೀರು ಕುಡಿದರೆ ಪಾಯಖಾನೆಗೆ ಏಳಬೇಕು. ಎದ್ದರೆ ಮ್ಯಾನೇಜರ್ ಹನುಮೇಶ ಕೆಂಪು ಚೀಟಿ ಕೊಡುತ್ತಿದ್ದ; ಮರುದಿನ ಕೆಲಸವಿಲ್ಲ. ವಾರವಿಡೀ ಏಳದವರಿಗೆ ಒಂದು ಅಡುಗೆ ಎಣ್ಣೆ ಪಾಕೀಟು. ಒಬ್ಬಳು ಎದ್ದರೂ ಆ ಸಾಲಿನ ಯಾರಿಗೂ ಎಣ್ಣೆ ಇಲ್ಲ. ಏಳು ತಿಂಗಳಲ್ಲಿ ಎಲ್ಲರೂ ತಡೆದುಕೊಂಡು ಕೂರಲು ಕಲಿತುಬಿಟ್ಟರು. ದಿಲನಾಜಳಂತೂ ಬೆಳಗಿನ ಚಹಾವನ್ನೂ ಬಿಟ್ಟಿದ್ದಳು.

ಒಂದು ಶನಿವಾರ ಪಕ್ಕದ ಮಂಗಳವ್ವ ಕಿಬ್ಬೊಟ್ಟೆ ಹಿಡಿದುಕೊಂಡು ಅರ್ಧ ಎದ್ದಳು.

"ಕುಂದ್ರಬೇ! ನಿನ್ನ ಸಂಬಂಧ ಎಲ್ಲಾರ ಎಣ್ಣಿ ಹೋಗತೈತಿ," ಎಂದು ಗದರಿದವಳು ದಿಲನಾಜಳೇ.

ಮಂಗಳವ್ವ ಕುಳಿತಳು. ಸಂಜೆಗೆ ಜ್ವರದಿಂದ ನಡುಗುತ್ತ ಮೆಣಸಿನಕಾಯಿ ರಾಶಿಯ ಮೇಲೆಯೇ ಉರುಳಿದಳು.

"ಈಕಿ ನೀರ ಕುಡಿಯೂದಿಲ್ಲೇನ್ರಿ?" ಸರ್ಕಾರಿ ದವಾಖಾನೆಯ ಡಾಕ್ಟರಮ್ಮ ಕೇಳಿದರು. "ಉಚ್ಚಿ ತಡದು ತಡದು ನಂಜು ಕಿಡ್ನಿಗೆ ಏರೈತಿ."

ಕರೆತಂದಿದ್ದ ದಿಲನಾಜ ಮಂಗಳವ್ವನ ಬಾಯಿಗೆ ನೀರಿನ ಲೋಟ ಹಿಡಿದಳು.

ಸೋಮವಾರ ಸುದ್ದಿ ಹೇಳಲು ಹೋದಾಗ ಹನುಮೇಶ ಅಂಗಳದಲ್ಲಿ ನಾಯಿಮರಿಯೊಂದನ್ನು ಪಳಗಿಸುತ್ತಿದ್ದ. ರಾಣೆಬೆನ್ನೂರಿನ ವ್ಯಾಪಾರಿಯೊಬ್ಬ ನೋಡುತ್ತ ನಿಂತಿದ್ದ.

"ಕುಂತ್ರ ಬಿಸ್ಕೀಟು, ಎದ್ರ ಏಟು. ಎಂಟ ದಿನದಾಗ ಕಲೀತು ನೋಡ್ರಿ." ಹನುಮೇಶ ಶೆಡ್ಡಿನತ್ತ ಗದ್ದ ಚಾಚಿ ನಕ್ಕ. "ಅವರಿಗೆ ಎಣ್ಣಿ ಪಾಕೀಟು ಸಾಕಾತು."

"ಸಾಹೇಬ್ರ, ಮಂಗಳವ್ವ ದವಾಖಾನ್ಯಾಗ ಅದಾಳ್ರಿ," ಎಂದಳು ದಿಲನಾಜ.

"ಹೌದಾ? ಆಕಿ ಜಾಗಾಕ್ಕ ಬ್ಯಾರೆದಾಕಿನ್ನ ಕರ್ಕೊಂಡ ಬಾ."

ದಿಲನಾಜ ಶೆಡ್ಡಿಗೆ ಬಂದು ನಡುವೆ ನಿಂತಳು.

"ಏಳ್ರಬೇ! ಮಂಗಳವ್ವನ್ನ ಕುಂದ್ರಿಸಿದಾಕಿ ನಾನ. ಈ ಭಾಡ್ಯಾ ನನಗ ಕಲಿಸಿದ, ನಾ ಆಕಿಗೆ ಕಲಿಸಿದೆ. ಇನ್ನ ಸಾಕು!"

ಮೊದಲು ಎದುರಿಗೇ ಕುಳಿತಿದ್ದ ಮಾಸುಮಬಿ ಎದ್ದಳು. ಆಮೇಲೆ ಅವಳ ಸಾಲು. ಆಮೇಲೆ ಶೆಡ್ಡೇ ಎದ್ದಿತು.

ಹನುಮೇಶ ಓಡಿ ಬಂದು ಬಾಗಿಲಿಗೆ ಅಡ್ಡ ನಿಂತ. "ಈಗ ಕುಂತಾವರಿಗೆ ಎರಡೆರಡು ಪಾಕೀಟು!"

ದಿಲನಾಜಳ ಮೊಣಕಾಲುಗಳು ತಾವಾಗಿಯೇ ಬಾಗಿದವು. ಅವಳಿಗೆ ಅರಿವಾಗುವ ಮೊದಲೇ ಮೈ ಕೂರಲು ಹೊರಟಿತ್ತು. ನನ್ನ ಕಾಲನ್ನೂ ಇವನು ತನ್ನದಾಗಿಸಿಕೊಂಡನಲ್ಲ ಎಂದು ನೆತ್ತಿಗೇರಿತು ಸಿಟ್ಟು. ಮಾಸುಮಬಿಯ ಭುಜ ಹಿಡಿದು ನೆಟ್ಟಗೆ ನಿಂತಳು.

"ಉಚ್ಚಿಗೆ ಹೊಂಟೇವಿ," ಎಂದಳು. "ದಾರಿ ಬಿಡೋ."