ಮನೆಯಲ್ಲಿ ಆರು ಜನ

"ಜರುಗವ್ವ ಅತ್ಲಾಗೆ, ಚಟ್ಟಕ್ಕೆ ದಾರಿ ಬುಡು" ಎಂದು ಬಿದಿರು ಹೊತ್ತವನೊಬ್ಬ ಗದರಿದಾಗ ಸುನಿತಾ ಗೋಡೆಗೆ ಒತ್ತಿಕೊಂಡು ನಿಂತಳು. ಹೆಗಲಲ್ಲಿ ಆರೋಗ್ಯ ಸಮೀಕ್ಷೆಯ ಚೀಲವಿತ್ತು. ಶಿವಲಿಂಗಯ್ಯನ ಮನೆಯಲ್ಲಿ ಸಾವಾಗಿದೆ ಎಂದು ಅಕ್ಕಿಹೆಬ್ಬಾಳಿನ ಬಸ್ಸಿನಲ್ಲಿ ಕೇಳಿದವಳು ಉಪಕೇಂದ್ರದ ಬೀಗವನ್ನೂ ತೆಗೆಯದೆ ನೇರ ಇಲ್ಲಿಗೆ ಬಂದಿದ್ದಳು. ಈ ಊರಿಗೆ ನರ್ಸಾಗಿ ಬಂದು ಎರಡೇ ತಿಂಗಳಾದರೂ ಈ ಮನೆಯ ಆರು ಜನರ ಹೆಸರು, ವಯಸ್ಸು ಅವಳಿಗೆ ಬಾಯಿಪಾಠ. ತಾನೇ ಬರೆದುಕೊಂಡದ್ದು. ಆ ಆರರಲ್ಲಿ ಯಾರು ಹೋದರೋ ಎಂದು ಇಣುಕಿ ನೋಡಿದರೆ, ಜಗಲಿಯ ಮೇಲೆ ಗೋಡೆಗೆ ಒರಗಿಸಿ ಕೂರಿಸಿದ್ದ ಹೆಣ ಆರರಲ್ಲಿ ಯಾರದ್ದೂ ಆಗಿರಲಿಲ್ಲ.

ಅವತ್ತು ಪಟ್ಟಿ ಬರೆಯುವಾಗ ಮಜ್ಜಿಗೆ ತಂದುಕೊಟ್ಟಿದ್ದ ಕೂಲಿ ಹೆಂಗಸು! ಹೊಸ ಸೀರೆ ಉಡಿಸಿ, ಕೊರಳ ತುಂಬ ಹೂವು ಹಾಕಿದ್ದರು. ಕಾಲ ಬಳಿ ಶಿವಲಿಂಗಯ್ಯ ಹಣೆ ಚಚ್ಚಿಕೊಳ್ಳುತ್ತಿದ್ದ. "ಅಕ್ಕಾ, ನನ್ನ ಎತ್ತಿ ಆಡಿಸ್ದೋಳೆ, ಓಗ್ಬುಟ್ಯಲ್ಲಕ್ಕಾ..."

ಸುನಿತಾ ಹೆಣದ ಮುಖವನ್ನು ಮತ್ತೊಮ್ಮೆ ನೋಡಿದಳು. ಅಕ್ಕನಂತೆ!

*

ಸಮೀಕ್ಷೆಯ ದಿನ ಶಿವಲಿಂಗಯ್ಯ ಖುದ್ದಾಗಿ ಕುರ್ಚಿ ಹಾಕಿ ಕೂರಿಸಿದ್ದ. ತಾನು, ಹೆಂಡತಿ, ಮಗ, ಸೊಸೆ, ಮದುವೆ ಗೊತ್ತಾಗಿದ್ದ ಮಗಳು ನಿಸರ್ಗ, ಐದು ವರ್ಷದ ಮೊಮ್ಮಗಳು ಚಿನ್ನು. ಬೆರಳು ಮಡಚಿ ಆರು ಎಂದಿದ್ದ. ಯಾರಿಗೂ ಒಂದು ನೆಗಡಿಯೂ ಇಲ್ಲ. ಚಿನ್ನು ತೂಕ ಕಡಿಮೆ ಬಂದಾಗ, "ಉಣ್ಣಲ್ಲ ಕನವ್ವ, ಬರೀ ಆಟ" ಎಂದು ನಕ್ಕಿದ್ದ.

ಮಜ್ಜಿಗೆ ತಂದ ಕುಳ್ಳನೆಯ ಹೆಂಗಸು ಲೋಟ ಕೊಡುವಾಗ ಮುಖ ತಿರುಗಿಸಿ ಸೆರಗಿಗೆ ಕೆಮ್ಮಿದ್ದಳು. ಇವರು ಯಾರು ಎಂದು ಸುನಿತಾ ಕೇಳಿದ್ದಳು.

"ಅವ್ಳಾ? ಆಳು. ಕೆಲ್ಸಕ್ಕೆ ಬತ್ತಾಳೆ, ಓಯ್ತಾಳೆ."

ಆ ಹೆಂಗಸು ಒಂದು ಗಳಿಗೆ ಅವನನ್ನೇ ನೋಡಿದಳು. ಆಮೇಲೆ ಸುನಿತಾಳತ್ತ ತಿರುಗಿ ನಕ್ಕಳು. "ಊಂ ಕನವ್ವ. ನಾನು ಕೂಲಿಯೋಳು. ಸಗಣಿ ಬಾಚಕ್ಕೆ ಬಂದಿದ್ದೆ."

ಫಾರಮ್ಮಿನಲ್ಲಿ ಆಳುಗಳಿಗೆ ಜಾಗವಿರಲಿಲ್ಲ. ಸಂಜೆಯೊಳಗೆ ಇನ್ನೂ ಹದಿನೆಂಟು ಮನೆ ಮುಗಿಸಬೇಕಿತ್ತು. ನಂಬಿಬಿಟ್ಟರೆ ಕೆಲಸ ಸಲೀಸು, ಸುನಿತಾ ನಂಬಿದಳು.

*

"ಈ ಅಮ್ಮಂಗೆ ಏನಾಗಿತ್ತು?" ಪಕ್ಕದಲ್ಲಿ ಕೂತಿದ್ದ ನೆರೆಮನೆಯ ಮುದುಕಿ ಪುಟ್ಟತಾಯಮ್ಮನನ್ನು ಸುನಿತಾ ಮೆಲ್ಲಗೆ ಕೇಳಿದಳು.

"ಕುಳ್ಳಮ್ಮಂಗಾ? ಇಪ್ಪತ್ತು ವರ್ಸಕ್ಕೆ ಗಂಡನ್ನ ಕಳ್ಕಂಡು ಬಂದ್ಲು. ಈ ಮನೆ ಮಕ್ಳ ಕುಂಡಿ ತೊಳ್ದಿದ್ದೆಲ್ಲ ಅವ್ಳೆಯ. ಡೈರೀಲಿ ಕ್ಯಾನು ಎಟುಕ್ತಿರ್ನಿಲ್ಲ, ಕಲ್ಲಿನ ಮ್ಯಾಲೆ ನಿಂತ್ಕಂಡು ಆಲು ಉಯ್ಯೋಳು." ಮುದುಕಿ ದನಿ ತಗ್ಗಿಸಿದಳು. "ಕೆಮ್ಮು ಕನವ್ವ. ದೀಪಾವಳಿಯಿಂದ್ಲೂವೆ. ರಕ್ತನೂ ಬತ್ತಿತ್ತು. ನಿಸರ್ಗನ ಮದ್ವೆ ಮುಗೀಲಿ ಅಂತ ಅವ್ಳೂ ಬಾಯಿ ಮುಚ್ಕಂಡಿದ್ಲು. ನಾನಂದೆ ಅನ್ಬ್ಯಾಡ ಮತ್ತೆ."

"ಜೊತೇಲಿ ಯಾರು ಮಲಗ್ತಿದ್ರು?"

"ಇನ್ಯಾರು? ಸೊಸೆ ಬಾಣಂತನಕ್ಕೆ ತೌರಿಗೆ ಓದಾಗಿಂದ ಆ ಚಿನ್ನು ಅವ್ಳ ಸೆರಗು ಬುಟ್ಟಿಲ್ಲ."

ಕಂಬಕ್ಕೆ ಒರಗಿ ಕೂತಿದ್ದ ಚಿನ್ನುವಿನ ಹಣೆಯನ್ನು ಸುನಿತಾ ಮುಟ್ಟಿದಳು. ಕೆಂಡ. ಹೆಣ ಎತ್ತಿದರೆ ಗಂಡಸರೆಲ್ಲ ಮಣ್ಣು ಮಾಡಲು ಹೊಲಕ್ಕೆ, ನಾಳೆಯಿಂದ ತಿಥಿಯ ಓಡಾಟ, ಅದರ ಬೆನ್ನಿಗೇ ಮದುವೆ. ಆಮೇಲೆ ಈ ಮಗುವಿನ ಹೆಸರೆತ್ತಲು ಯಾರೂ ಬಿಡುವುದಿಲ್ಲ ಎಂದು ಅವಳಿಗೆ ಖಾತ್ರಿಯಾಯಿತು. ಎದ್ದು ಶಿವಲಿಂಗಯ್ಯನ ಪಕ್ಕ ಕುಕ್ಕರಗಾಲಲ್ಲಿ ಕೂತಳು.

"ಯಜಮಾನ್ರೆ, ಚಿನ್ನೂನ ಇವತ್ತೇ ಕೆ.ಆರ್.ಪೇಟೆಗೆ ಕರ್ಕೊಂಡು ಹೋಗ್ಬೇಕು. ಮೈ ಸುಡ್ತಾ ಇದೆ. ಟಿ.ಬಿ. ಪರೀಕ್ಷೆ ಮಾಡಿಸ್ಬೇಕು."

"ಸುಮ್ಕಿರವ್ವ, ನಿನ್ನ ಕಾಲಿಗೆ ಬೀಳ್ತೀನಿ" ಎಂದು ಅವನು ಹಲ್ಲು ಕಚ್ಚಿ ಪಿಸುಗುಟ್ಟಿದ. "ಬೀಗ್ರು ಕೂತವ್ರೆ."

ನಾಗಮಂಗಲದಿಂದ ಬಂದಿದ್ದ ವರನ ತಂದೆ ದೇವರಾಜು ಆಗಲೇ ಎದ್ದು ಬಂದಿದ್ದ. "ಏನ್ ಬೀಗ್ರೆ, ಏನಂತೆ?"

"ಏನಿಲ್ಲ, ಸರ್ಕಾರದೋರು." ಶಿವಲಿಂಗಯ್ಯ ಎಲ್ಲರಿಗೂ ಕೇಳುವ ಹಾಗೆ ದನಿ ಎತ್ತಿದ. "ಅಕ್ಕ ನಮ್ಮನೇಲಿ ಇರ್ನಿಲ್ಲ ಕನವ್ವ. ಹಿತ್ಲ ಗುಡ್ಲಲ್ಲಿ ಬ್ಯಾರೆ ಇದ್ಲು. ನಿನ್ನ ಪುಸ್ತಕ ತೆಗ್ದು ನೋಡ್ಕೊ, ನಮ್ಮನೇಲಿ ಆರೇ ಜನ!"

ತನ್ನದೇ ಅಕ್ಷರ ಅವನ ಪರವಾಗಿ ಸಾಕ್ಷಿ ಹೇಳುತ್ತಿತ್ತು. ಸುನಿತಾಳಿಗೆ ಅವನಿಗಿಂತ ತನ್ನ ಮೇಲೇ ಸಿಟ್ಟು ಬಂತು.

"ಪುಸ್ತಕ ತಪ್ಪು" ಎಂದಳು. "ನಾನೇ ತಪ್ಪು ಬರೆದಿದ್ದೀನಿ."

"ನಡಿಯವ್ವ ಆಚೆಗೆ!"

ಅಷ್ಟರಲ್ಲಿ ಯಾರೋ, "ಒತ್ತಾಯ್ತು, ಬಾಯಿಗೆ ಅಕ್ಕಿ ಹಾಕೋರು ಹಾಕ್ಬುಡಿ" ಎಂದು ಕೂಗಿದರು. ಒಬ್ಬೊಬ್ಬರಾಗಿ ಹೋಗಿ ನಾಲ್ಕು ಕಾಳು ಹಾಕಿ ಬಂದರು. ಶಿವಲಿಂಗಯ್ಯನ ಹೆಂಡತಿ ಪುಟ್ಟಲಕ್ಷ್ಮಮ್ಮ ಚಿನ್ನುವಿನ ಅಂಗೈಗೂ ಅಕ್ಕಿ ಹಾಕಿ ಮುಂದಕ್ಕೆ ದೂಡಿದಳು. ಮಗು ಅಕ್ಕಿಯನ್ನು ಕೆಳಗೆ ಚೆಲ್ಲಿತು. ಜಗಲಿ ಹತ್ತಿ, ಹೂವಿನ ಹಾರ ಪಕ್ಕಕ್ಕೆ ಸರಿಸಿ, ಎರಡೂ ಕೈಯಿಂದ ಹೆಣದ ಎದೆ ತಿಕ್ಕತೊಡಗಿತು.

"ಏನ್ ಮಾಡ್ತಾ ಇದ್ದೀಯೆ ಮಗ?" ದೇವರಾಜು ಕೇಳಿದ.

"ಕುಳ್ಳಜ್ಜಿಗೆ ಕೆಮ್ಮು ಬಂದ್ರೆ ಇಂಗೆ ತಿಕ್ಬೇಕು. ದಿನಾ ಮನಿಕಂಡಾಗ ತಿಕ್ತೀನಿ." ಚಿನ್ನು ತಿರುಗಿಯೂ ನೋಡಲಿಲ್ಲ. "ಕೆಮ್ಮಿದ್ದು ತಾತಂಗೆ ಕೇಳ್ಬಾರ್ದು."

ಅಂಗಳದಲ್ಲಿ ಬಡಿಯುತ್ತಿದ್ದ ತಮಟೆ ನಿಂತಿತು. ದೇವರಾಜು ಹೆಗಲ ಟವೆಲನ್ನು ಮೂಗಿಗೆ ಒತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. ಬಾಗಿಲಲ್ಲಿ ನಿಂತಿದ್ದ ನಿಸರ್ಗ ಅದನ್ನು ನೋಡಿದಳು. ಶಿವಲಿಂಗಯ್ಯನೂ ನೋಡಿದ. ಮಗುವಿನ ಅಂಗೈ ಹೊಸ ಸೀರೆಯ ಮೇಲೆ ಸರಸರ ಆಡುತ್ತಲೇ ಇತ್ತು.

ಶಿವಲಿಂಗಯ್ಯ ಜಗಲಿ ಹತ್ತಿ ಮಗುವನ್ನು ಬಾಚಿ ಎತ್ತಿಕೊಂಡ. "ಬರ್ಕಳವ್ವ" ಎಂದ ಸುನಿತಾಳಿಗೆ. "ನಮ್ಮಕ್ಕ ಅವ್ಳು. ನಲವತ್ತು ವರ್ಸದಿಂದ ಈ ಮನೇಲೆ ಅವ್ಳೆ. ಈ ಮಗ ಅವ್ಳ ಮಗ್ಗುಲಲ್ಲೆ ಮನಿಕತಿತ್ತು. ಬರ್ಕೊ, ಕರ್ಕೊಂಡೋಗು..."

ಎದೆಯೊಳಗಿಂದ ಏನೋ ಒತ್ತರಿಸಿ ಬಂದು ಅವನು ಮುಂದಕ್ಕೆ ಬಾಗಿದ. ಮೈಯೆಲ್ಲ ಅಲುಗಾಡಿತು. ಚಿನ್ನು ತಾತನ ಅಂಗಿಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ತಿಕ್ಕತೊಡಗಿತು. ಅದು ಅಳುವೋ ಕೆಮ್ಮೋ ಎಂದು ಸುನಿತಾ ಪೆನ್ನು ಹಿಡಿದು ಕಿವಿಗೊಟ್ಟು ನಿಂತಳು.